ಮೂರು ನೆಟ್ಟನೆಯ ಗೆರೆಗಳು

"ನನ್ನ ಹುಡುಗ್ರ ಮಾರ್ಕ್ಸ್ ಯಾಕ ಕಡದೀರಿ?"

ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲೆ ದಬ್ಬನೆ ಬಿತ್ತು. ರಾಯಚೂರಿನಲ್ಲಿ ಗಣಿತ ಶಿಕ್ಷಕರ ಸಭೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮಾನ್ವಿಯ ಕನಕರಾಜ ತಲೆ ಎತ್ತಿದ. ಕಟ್ಟು ಎಸೆದು ನಿಂತಿದ್ದ ದೇವದುರ್ಗದ ಶಿಕ್ಷಕಿ ದೇವಿಕಾ ಈವರೆಗೆ ಫೋಟೋದಲ್ಲಷ್ಟೇ ನೋಡಿದ್ದ ಮುಖ ಅದು! ಎರಡೂ ಮನೆಯವರು ಮದುವೆಯ ಮಾತುಕತೆ ಮುಗಿಸಿ ಅವಳ ಒಪ್ಪಿಗೆಯೊಂದಕ್ಕೇ ಕಾಯುತ್ತಿದ್ದರು.

ಥೂ! ಫೋಟೋ ಎಷ್ಟು ಸುಳ್ಳು ಹೇಳುತ್ತದೆ!

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ದೇವದುರ್ಗದ ಪತ್ರಿಕೆಗಳನ್ನು ಮಾನ್ವಿಯವರು ತಿದ್ದುವುದು ವಾಡಿಕೆ. ಎರಡು ತ್ರಿಭುಜಗಳು ಸರ್ವಸಮ ಎಂಬ ಚಿಹ್ನೆ ಬರೆದಲ್ಲೆಲ್ಲ ಅವನ ಕೆಂಪು ಗೀಟು.

"ಪುಸ್ತಕದಾಗ ಎರಡು ಗೆರಿ, ಮ್ಯಾಲೊಂದು ಅಲಿ ಅದ ಮೇಡಂ, ≅. ನಿಮ್ಮ ಹುಡುಗ್ರು ಮೂರೂ ಗೆರಿ ನೆಟ್ಟಗ ಎಳದಾರ, ≡."

"ನಾನೇ ಕಲಿಸಿದ್ದು! ನಮ್ಮ ಮಾಸ್ತರ್ರು ನಂಗ ಹಂಗೇ ಕಲಿಸಿದ್ರು. ಸಾಧನಿ ಸರಿ ಅದಲ್ಲ? ಗೆರಿ ಸೊಟ್ಟಾಗಿಲ್ಲಂತ ಕಡೀತೀರೇನು?"

"ಬೋರ್ಡ್ ಪರೀಕ್ಷೆದಾಗ ಯಾರರ ಕಡದ್ರ? ಈಗೇ ಪೆಟ್ಟು ತಿಂದ್ರ ಕಲೀತಾರಂತ..."

"ಕಲೀತಾರ? ನನ್ನ ಕ್ಲಾಸಿನ ಗೋಪಮ್ಮ ಇದೊಂದರಾಗ ಫೇಲಾಗಿ, ಸಾಲಿ ಬಿಟ್ಟು ಹೊಲಕ್ಕ ಹೊಂಟಾಳ! ಆಕಿ ತಿರುಗಿ ಬರೂತನಕ ಮದ್ವಿ ಮಾತು ಎತ್ತಬ್ಯಾಡ್ರಿ!"

ಅವನು ಅವಳತ್ತ ನೋಡದೆ ಕಟ್ಟು ಬಿಚ್ಚಿ ಗೋಪಮ್ಮನ ಪತ್ರಿಕೆ ಹುಡುಕತೊಡಗಿದ. ಅದು ಅವಳನ್ನು ಇನ್ನಷ್ಟು ಉರಿಸಿತು. ಊರಿಗೆ ಮರಳುವ ಬಸ್ಸು ಕಲ್ಮಲ ಗ್ರಾಮ ದಾಟಿದರೂ ಮನಸ್ಸಿನಲ್ಲೇ ಅವನನ್ನು ಬೈಯುತ್ತಿದ್ದಳು. ಸೊಕ್ಕು! ಬರೀ ಸೊಕ್ಕು!

ಆದರೆ... ಅಲೆ ಹಾಕಲು ಕಲಿಸದವಳು ನಾನೇ ಅಲ್ಲವೇ?

ಹಾಗನ್ನಿಸಿದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಭಾನುವಾರ ಗೋಪಮ್ಮನನ್ನು ಹುಡುಕಿಕೊಂಡು ಮೆಣಸಿನಕಾಯಿ ಹೊಲಕ್ಕೆ ಹೋದರೆ, ಅಲ್ಲಿ ಅವನಿದ್ದ! ಇಸ್ತ್ರಿ ಅಂಗಿಯಲ್ಲಿ ಬಗ್ಗಿ ಕಾಯಿ ಬಿಡಿಸುತ್ತ.

"ಮಾತಾಡೂದಿದ್ರ ಬಿಡಿಸ್ಕೋತ ಮಾತಾಡ್ರಿ ಸರ್ ಅಂದೀನಿ," ಗೋಪಮ್ಮನ ತಾಯಿ ಬಸವಂತಮ್ಮ ನಕ್ಕಳು. "ಮುಂಜಾನಿಂದ ಒಂದ ಸಾಲೂ ಮುಗಿಸಿಲ್ಲ!"

ಅವನು ಹುಡುಗಿಗೆ ಹೇಳುತ್ತಿದ್ದ: "ತಪ್ಪು ನಂದವ್ವಾ. ನಿನ್ನ ಸಾಧನಿ ಪೂರಾ ಸರಿ ಇತ್ತು. ಮಾರ್ಕ್ಸ್ ಕೊಡಬೇಕಿತ್ತು. ಸಾಲಿಗೆ ಬಾ."

"ಅಲಿ ಹಾಕೂದು ನಾ ಕಲಿಸ್ತೀನಿ," ದೇವಿಕಾಳ ಬಾಯಿಂದ ತಾನಾಗಿ ಬಂತು. "ಅದು ನನ್ನ ತಪ್ಪು."

ಗೋಪಮ್ಮ ತಾಯಿಯತ್ತ ನೋಡಿದಳು. ಬಸವಂತಮ್ಮ ತಲೆಯಾಡಿಸಿದಳು.

"ನಾಳಿ ಬರ್ತೀನ್ರಿ. ನೀವಿಬ್ಬರೂ ಮತ್ತ ಜಗಳಾ ತಗೀಬ್ಯಾಡ್ರಿ!"

ಖುಷಿಯಲ್ಲಿ ಕನಕರಾಜ ಕಣ್ಣುಜ್ಜಿಕೊಂಡ. ಮೆಣಸಿನಕಾಯಿ ಮುಟ್ಟಿದ ಕೈ!

"ಯವ್ವಾ!"

"ಅಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?" ಬೈಯುತ್ತಲೇ ದೇವಿಕಾ ಬಾಟಲಿ ನೀರು ಅವನ ಮುಖಕ್ಕೆ ಸುರಿದಳು. ಸೆರಗಿನಿಂದ ಒರೆಸಿದಳು. ಯಾಕೋ ಅವಳ ಕಣ್ಣೂ ಉರಿಯತೊಡಗಿತು...

"ಇನ್ನೂ ಸಿಟ್ಟು ಅದೇನ್ರಿ?"

"ಅದ. ಬಾಳ ಅದ."

"ನೀ ತಪ್ಪಂತ ನನ್ನೆದುರಿಗೆ ಹೇಳಿದವರು ಯಾರೂ ಇರಲಿಲ್ಲ ದೇವಿಕಾ. ಹಂಗ ಹೇಳೋರ ಜೋಡಿನೇ ಬಾಳೇವು ಮಾಡಬೇಕನಸ್ತದ. ಸಿಟ್ಟಿನ್ಯಾಗೇ ಬಂದ್ರೂ ಸೈ... ಬರ್ತೀರೇನು?"

"ಮೊದಲು ಕಣ್ಣು ತಗೀರಿ!" ಅವಳು ಗದರಿದಳು. "ಬರ್ತೀನಂತ ಹೇಳಾಕತ್ತೀನಿ, ನೀವು ಕಣ್ಣು ಮುಚ್ಚಿ ನಿಂತೀರಿ!"