ಅಂಚೆಯಣ್ಣ ಬರುವವರೆಗೂ

"ಏನ್ರೀ, ಇಷ್ಟು ಚೆಂದದ ಸಿನಿಮಾ! ಅರ್ಧಕ್ಕೇ ಎದ್ದು ಹೊರಟ್ರಲ್ಲ?"

ಗ್ರಂಥಾಲಯದ ಮಕ್ಕಳ ಕೋಣೆಯ ಬಾಗಿಲಿಗೆ ಅಡ್ಡವಾಗಿ ಅವಳು ನಿಂತಿದ್ದಳು. ಮಕ್ಕಳೆಲ್ಲ ಅವಳನ್ನು ಪುಸ್ತಕದಕ್ಕ ಎಂದೇ ಕರೆಯುತ್ತಿದ್ದರು. ಪ್ರತಿ ಶನಿವಾರ ಕಿಟಕಿಗಳಿಗೆ ಕಪ್ಪು ಪರದೆ ಎಳೆದು, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ತಾನು ಚಿಕ್ಕವಳಿದ್ದಾಗ ನೋಡಿದ ಸಿನಿಮಾಗಳನ್ನು ಅವರಿಗೆ ತೋರಿಸುವುದು ಅವಳ ಹುಚ್ಚು. ಇಂದು ಅವಳ ಪ್ರಾಣದಂಥ ಸಿನಿಮಾ, 'ಮೋಡದ ಮೇಲಿನ ದೋಣಿ'.

ಎದುರಿಗಿದ್ದವನು ಎತ್ತರದ ಆಳು. ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿಕೊಂಡು ಒಬ್ಬನೇ ಕೂತಿದ್ದವನು. ದಪ್ಪ ಕನ್ನಡಕದ ಹಿಂದೆ ಕಣ್ಣುಗಳು ಕೆಂಪಾಗಿದ್ದವು.

ಒಳಗೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಉಗ್ಗುವ ಅಂಚೆಯಣ್ಣನ ದೃಶ್ಯ ಬಂದಿತ್ತು. ಅವನು "ಕಾ... ಕಾ... ಕಾಗದ ಬಂದಿದೆ" ಎಂದು ಒದ್ದಾಡುತ್ತಾನೆ. ಸಿನಿಮಾದ ಮಕ್ಕಳು ಕಿವಿ ಮುಚ್ಚಿಕೊಂಡು "ನಾಳೆ ಹೇಳಣ್ಣ, ನಾಳೆ ಹೇಳು!" ಎಂದು ಅವನ ಸುತ್ತ ಕುಣಿಯುತ್ತಾರೆ.

"ಕೆ... ಕೆ... ಕೆಲ..." ಎಂದ ಬಾಗಿಲಲ್ಲಿದ್ದವನು.

ಅವಳ ಮುಖ ಅರಳಿತು. ಅಬ್ಬಾ! ನನ್ನ ಹಾಗೇ ಈ ಸಿನಿಮಾ ಬಾಯಿಪಾಠ ಆಗಿರೋನು ಇನ್ನೊಬ್ಬ ಇದ್ದಾನೆ!

"ಥೇಟ್ ಅಂಚೆಯಣ್ಣ ಕಣ್ರೀ ನೀವು!" ಎಂದವಳೇ ಎರಡೂ ಕಿವಿ ಮುಚ್ಚಿಕೊಂಡು ಕುಣಿದೇಬಿಟ್ಟಳು. "ನಾಳೆ ಹೇಳಣ್ಣ, ನಾಳೆ ಹೇಳು!"

ಅವನು ನಗಲಿಲ್ಲ.

ಕಣ್ಣು ಮುಚ್ಚಿ, ದವಡೆ ಬಿಗಿದು, ಒಂದೊಂದೇ ಅಕ್ಷರವನ್ನು ಹೊರಗೆ ತಳ್ಳಿದ. "ಕೆಲಸ ಇದೆ. ನಾನು... ಮಾ... ಮಾತಾಡೋದೇ ಹೀಗೆ."

ಕಿವಿಯ ಮೇಲಿದ್ದ ಅವಳ ಕೈಗಳು ಅಲ್ಲೇ ಉಳಿದವು. ಕೆಳಗಿಳಿಸುವುದಕ್ಕೂ ನಾಚಿಕೆ! ಅವನು ಪಕ್ಕಕ್ಕೆ ಸರಿದು ಮೆಟ್ಟಿಲಿಳಿದು ಹೋದ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವಳಿಗೆ ಅಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಗ್ರಂಥಾಲಯ ತೆರೆಯುವ ಮೊದಲು ಒಬ್ಬಳೇ ಕೂತು ಅದೇ ಸಿನಿಮಾ ಹಾಕಿದಳು. ದೋಣಿ ಮೋಡ ಸೀಳಿಕೊಂಡು ಏರುವಾಗ ಈಗಲೂ ಮೈ ಝುಂ ಎಂದಿತು. ದೋಣಿಯ ಹುಟ್ಟು ಹಾಕುವ ಪುಟ್ಟ ಹುಡುಗಿಗಾಗಿ ಈಗಲೂ ಕಣ್ಣು ತುಂಬಿತು. ಆಮೇಲೆ ಅಂಚೆಯಣ್ಣ ಬಂದ. ನಗಬಾರದು, ನಗಬಾರದು ಎಂದು ಬಾಯಿಗೆ ಸೆರಗು ಒತ್ತಿ ಹಿಡಿದಳು.

ಆದರೂ ನಗು ಬಂದೇ ಬಂತು.

ಛೆ! ನಾನೆಂಥ ಹೆಣ್ಣು!

ವಿಚಾರಿಸಿದರೆ ಅವನು ಹಿಂದಿನ ಬೀದಿಯ ಕನ್ನಡಕದ ಅಂಗಡಿಯವನೇ. ಕ್ಷಮೆ ಕೇಳಲೆಂದು ಹೋದವಳ ಬಾಯಿಗೆ ಬಂದದ್ದು ಬೇರೆ ಮಾತು.

"ಒಂದು ಕನ್ನಡಕ ಬೇಕಿತ್ತು."

ಅವನು ಅವಳನ್ನು ಗುರುತಿಸಿದ. ಆದರೂ ಏನೂ ಅನ್ನದೆ ಕೂರಿಸಿ, ಗಾಜುಗಳನ್ನು ಬದಲಿಸಿ ಬದಲಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದ. ತೀರಾ ಕೆಳಗಿನ ಸಾಲನ್ನೂ ಅವಳು ಸಲೀಸಾಗಿ ಓದಿದಳು.

"ನಿಮ್ಮ ಕಣ್ಣಿಗೇನೂ ಆಗಿಲ್ಲ."

"ಆಗಿದೆ ಕಣ್ರೀ! ಎದುರಿಗಿರೋ ಮನುಷ್ಯನ ಕಷ್ಟ ಕಾಣ್ಲಿಲ್ಲ ಅಂದ್ರೆ ಇದೆಂಥಾ ಕಣ್ಣು?" ಎಂದವಳು ಕಣ್ಣು ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲೆ ಇಟ್ಟುಕೊಂಡೇ ಗಳಗಳ ಅತ್ತುಬಿಟ್ಟಳು.

ಅವನಿಗೆ ನಗು ತಡೆಯಲಾಗಲಿಲ್ಲ. ಆ ಅವತಾರದಲ್ಲಿ ಅತ್ತರೆ ಯಾರಿಗೆ ತಾನೇ ನಗು ಬಾರದು?

ಆಮೇಲೆ ಅವನು ತನ್ನ ಕಥೆ ಹೇಳಿದ. ಹೇಳಲು ಬಹಳ ಹೊತ್ತು ಹಿಡಿಯಿತು. ಅವನು ತಡವರಿಸಿದ್ದನ್ನು ಇನ್ನು ಮುಂದೆ ಇಲ್ಲಿ ಬರೆಯುವುದಿಲ್ಲ. ಒಬ್ಬರ ಉಗ್ಗನ್ನು ತೋರಿಸಿ ಉಳಿದವರನ್ನು ನಗಿಸುವ ಚಟ ಆ ಸಿನಿಮಾದವರಿಗೇ ಇರಲಿ.

"ಶಾಲೆಯಿಂದ ನಮ್ಮನ್ನೆಲ್ಲ ಆ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ರು. ಅಂಚೆಯಣ್ಣ ಬಾಯಿ ತೆಗೆದ, ಇಡೀ ತರಗತಿ ನನ್ನ ಕಡೆ ತಿರುಗ್ತು. ಆಮೇಲೆ ಶಾಲೆ ಬಿಡೋವರೆಗೂ ಅದೇ ನನ್ನ ಹೆಸರು. ಈಗ ದೊಡ್ಡವನಾಗಿದೀನಲ್ಲ, ನೋಡಬಹುದು ಅಂದ್ಕೊಂಡು ಬಂದೆ. ಆಗ್ಲಿಲ್ಲ."

ಮುಂದಿನ ವಾರವೂ ಅವಳು ಅಂಗಡಿಗೆ ಹೋದಳು. ಅದರ ಮುಂದಿನ ವಾರ ಅವನೇ ಗ್ರಂಥಾಲಯಕ್ಕೆ ಬಂದ. ಅವಳು ಆ ಸಿನಿಮಾವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದನ್ನು ಕೇಳಿ, "ಪಾಪ, ದೋಣಿ ಏನು ತಪ್ಪು ಮಾಡಿತ್ತು?" ಎಂದು ಛೇಡಿಸಿದ. ನೀವು ಹೋಗಿ ನೀನು ಆಯಿತು. ಅವನು ಬಾರದ ದಿನ ಅವಳು ಪುಸ್ತಕಗಳನ್ನು ತಲೆಕೆಳಗಾಗಿ ಜೋಡಿಸಿಟ್ಟಳು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕೇ?

ಒಂದು ದಿನ ಅವನು ಕೇಳಿದ. "ನಿಮ್ಮ ಮನೆಗೆ ಯಾವಾಗ ಬರ್ಲಿ?"

ಅವಳು ಕೈಲಿದ್ದ ಪುಸ್ತಕದ ಹಾಳೆ ಮಗುಚತೊಡಗಿದಳು.

"ಮುಂದಿನ ವಾರ... ಅಮ್ಮಂಗೆ ಸ್ವಲ್ಪ ಹುಷಾರಿಲ್ಲ."

ಅಮ್ಮ ಗುಂಡುಕಲ್ಲಿನ ಹಾಗಿದ್ದಳು. ಅವಳ ಹೆದರಿಕೆಯೆಲ್ಲ ಅಪ್ಪನ ಬಗ್ಗೆ.

ಅಪ್ಪ ದರ್ಜಿ. ಅವಳು ಮೂರು ವರ್ಷದವಳಿದ್ದಾಗಿನಿಂದಲೂ ಸಂಜೆ ಅಂಗಡಿಯಿಂದ ಬಂದವನು ಹೊಸ್ತಿಲ ಹೊರಗೆ ನಿಂತು ಕೂಗುತ್ತಿದ್ದ, "ಕಾ... ಕಾ... ಕಾಗದ ಬಂದಿದೆ!" ಅಮ್ಮ ಅಡುಗೆಮನೆಯಿಂದಲೇ ನಗುತ್ತಿದ್ದಳು. ಮಗಳು ಕಿವಿ ಮುಚ್ಚಿ ಕುಣಿಯುತ್ತ ಓಡಿ ಬರುತ್ತಿದ್ದಳು. ಆಗ ಅಪ್ಪ ಚೀಲದಿಂದ ತುಂಡು ಬಟ್ಟೆಯ ಗೊಂಬೆಯನ್ನೋ ಬಣ್ಣದ ಗುಂಡಿಯನ್ನೋ ತೆಗೆದುಕೊಡುತ್ತಿದ್ದ. ಅವಳಿಗೆ ಅದು ಯಾರದೋ ಉಗ್ಗು ಎಂದು ಯಾವತ್ತೂ ಅನಿಸಿರಲಿಲ್ಲ. ಅಪ್ಪ ಮನೆಗೆ ಬಂದ ಸದ್ದು ಅದು, ಅಷ್ಟೇ.

ಈಗಲೂ ಅಪ್ಪ ಕೂಗುತ್ತಿದ್ದ. ಅವಳು ಈಗಲೂ ಕುಣಿಯುತ್ತಿದ್ದಳು. ಕುಣಿದಾದ ಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು.

ಹೇಗೆ ಹೇಳ್ಲಿ ಅಪ್ಪಂಗೆ? ನೀವು ಇಷ್ಟು ವರ್ಷ ಮುದ್ದು ಮಾಡಿದ್ದೇ ತಪ್ಪು ಅಂತ ಹೇಳ್ಲಾ?

ವಾರಗಳು ಉರುಳಿದವು. ಅಮ್ಮನ ಕಾಯಿಲೆ, ನೆಂಟರು, ಮನೆಗೆ ಬಣ್ಣ... ನೆಪಗಳು ಮುಗಿದವು. ಒಂದು ದಿನ ಅಂಗಡಿಯಲ್ಲಿ ಅವನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಸತ್ಯ ಹೇಳು. ನಿಮ್ಮಪ್ಪ ಅಮ್ಮನ ಮುಂದೆ ನಾನು ಬಾಯಿ ತೆಗೆದ್ರೆ ನಿಂಗೆ ನಾಚಿಕೆ. ಅಲ್ವಾ?"

ನಾಚಿಕೆಯೇನೋ ಹೌದು... ಯಾರಿಂದ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಗೊತ್ತಾಯ್ತು ಬಿಡು," ಎಂದ ಅವನು. "ಇನ್ನು ಬರಬೇಡ."

ಆ ಸಂಜೆ ಹೊಸ್ತಿಲಲ್ಲಿ ಅಪ್ಪ ಕೂಗಿದ. ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಒಳಗೆ ಬಂದು ನೋಡಿದರೆ ಮಗಳು ನೆಲದ ಮೇಲೆ ಕುಸಿದು ಕೂತಿದ್ದಳು.

"ಅಪ್ಪಾ, ಅದನ್ನ ಇನ್ಮೇಲೆ ಹೇಳ್ಬೇಡಿ. ನಾನು ಮದುವೆ ಆಗ್ಬೇಕು ಅಂತಿರೋರು ಮಾತಾಡೋದೇ ಹಾಗೆ."

ಅಪ್ಪನ ಮುಖ ಸಣ್ಣಗಾಯಿತು. "ಅದು... ತಮಾಷೆ ಅಲ್ವೇನೇ ಮಗಳೇ?"

"ನಾನೂ ಹಾಗೇ ಅಂದ್ಕೊಂಡಿದ್ದೆ ಅಪ್ಪಾ."

ಅಂದು ರಾತ್ರಿ ಅಪ್ಪ ಊಟಕ್ಕೂ ಏಳಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. "ನಡಿ, ಆ ಹುಡುಗನ ಅಂಗಡಿ ತೋರ್ಸು."

ಕನ್ನಡಕದ ಅಂಗಡಿಯಲ್ಲಿ ಅಪ್ಪ "ನೋಡಪ್ಪಾ..." ಎಂದು ಶುರು ಮಾಡಿದ. ಮಾತು ಮುಂದಕ್ಕೆ ಹೋಗಲಿಲ್ಲ. ಅಂಗಿಯ ತುದಿಯನ್ನು ಹಿಡಿದು ಹಿಡಿದು ಬಿಟ್ಟ. ಅವಳಿಗೆ ನೋಡಲಾಗಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಾಚಿಕೆ ಇದ್ದಿದ್ದು ನಿನ್ನಿಂದ ಅಲ್ಲ, ನಮ್ಮಿಂದ! ನಮ್ಮನೇಲಿ ದಿನಾ ಸಂಜೆ ಅಪ್ಪ ಅಂಚೆಯಣ್ಣನ ಹಾಗೆ ಕೂಗ್ತಾರೆ. ನಾನು ಕಿವಿ ಮುಚ್ಕೊಂಡು ಕುಣೀತೀನಿ. ಚಿಕ್ಕೋಳಿದ್ದಾಗ ಮಾತ್ರ ಅಲ್ಲ... ನೀನು ಸಿಕ್ಕ ಮೇಲೂ. ನಿನ್ನ ಜೊತೆ ನಕ್ಕು ಮಾತಾಡಿ ಮನೆಗೆ ಹೋದ ದಿನಾನೂ!"

ಅವನ ಮುಖ ಬಿಳಿಚಿತು. "ನನ್ನ ಕಥೆ ಕೇಳಿದ ಮೇಲೂನಾ?"

"ಹೂಂ."

ಮುಗೀತು, ಎಲ್ಲಾ ಮುಗೀತು ಎಂದು ಅವಳ ಒಳಮನಸ್ಸು ಕಿರುಚಿತು.

"ತಪ್ಪು ನಂದು ಕಣಪ್ಪಾ," ಎಂದ ಅಪ್ಪ ಕೊನೆಗೂ. "ಕೂಗಿದ್ದು ನಾನು. ಇಷ್ಟು ವರ್ಷ ಆದ್ರೂ, ಯಾರಿಗಾದ್ರೂ ನೋವಾಗುತ್ತೇನೋ ಅಂತ ಒಂದು ದಿನಾನೂ ಯೋಚನೆ ಮಾಡ್ಲಿಲ್ಲ. ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ."

ಅವನು ಗಾಜಿನ ಕಪಾಟಿನ ಬಾಗಿಲು ಎಳೆದು ಮುಚ್ಚಿದ.

"ನಂಗೂ ಆ ಸಿನಿಮಾ ತುಂಬಾ ಇಷ್ಟ ಇತ್ತು ಸಾರ್," ಎಂದ. "ಅಂಚೆಯಣ್ಣ ಬರೋವರೆಗೂ."

ಅಪ್ಪ ಪಕ್ಕಕ್ಕೆ ತಿರುಗಿ, ಕೈಗೆ ಸಿಕ್ಕಿದ ಬೆಲೆಚೀಟಿಯ ಕನ್ನಡಕವೊಂದನ್ನು ಏರಿಸಿಕೊಂಡು ಕನ್ನಡಿ ನೋಡುವವನ ಹಾಗೆ ನಿಂತುಬಿಟ್ಟ.

ಅವನು ಅವಳ ಕಡೆ ತಿರುಗಿದ. "ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದ್ರೆ ಒಂದು ಕೇಳ್ತೀನಿ. ನಿನ್ನ ಕುಣಿತ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅದನ್ನ ಯಾಕೆ ಹೇಳ್ದೆ?"

"ಮುಚ್ಚಿಟ್ಟು ಮದುವೆ ಆದ್ರೆ ದಿನಾ ನಿನ್ನ ಮುಖ ಹೇಗೆ ನೋಡ್ಲಿ?"

"ನನ್ನನ್ನ ಆಡ್ಕೊಂಡೋರು ಬೇಕಾದಷ್ಟು ಜನ. ಬಂದು ಒಪ್ಕೊಂಡೋರು ಇಲ್ಲೀವರೆಗೆ ಒಬ್ಬರೂ ಇರ್ಲಿಲ್ಲ," ಎಂದ ಅವನು. ಮೇಜಿನಾಚೆಯಿಂದ ಈಚೆಗೆ ಬಂದು ಅವಳ ಎದುರು ನಿಂತ. "ನಿನ್ನ ಬಿಟ್ಟು ಇರೋದಕ್ಕೆ ನಿನ್ನೆ ಸಂಜೆಯಿಂದ ಪ್ರಯತ್ನ ಪಡ್ತಿದೀನಿ. ಆಗ್ತಿಲ್ಲ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಹೀಗೆಲ್ಲಾ ಹೇಳ್ಬೇಡ ಕಣೋ! ನಾನು ನಾಚಿಕೆಯಿಂದ ಸತ್ತೇ ಹೋಗ್ತೀನಿ!"

ಅವನು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ.

"ಸಾಯೋದು ಆಮೇಲೆ ನೋಡೋಣ. ಮೊದ್ಲು ಮದುವೆ ಆಗೋಣ."