ವರತೆಯ ಹಾವುಮೀನು

ಸುಲ್ತಾನರ ದಂಡು ಮಂಗಳೂರಿನ ಮುತ್ತಿಗೆ ಮುಗಿಸಿ ಪಟ್ಟಣಕ್ಕೆ ಮರಳಿದ ಮರುವರ್ಷದ ಬೇಸಿಗೆಯಲ್ಲಿ ನನ್ನ ಅವ್ವ ಮೂಗಮ್ಮ ಜ್ವರದಿಂದ ಮಲಗಿದ್ದಳು. ಹೊಳೆಯ ನೀರು ಕಲಕಿ ಹೋಗಿತ್ತು. ಮರಳು ತೋಡಿ ವರತೆಯ ತಿಳಿನೀರನ್ನಾದರೂ ಕುಡಿಸೋಣವೆಂದು ಮಧ್ಯಾಹ್ನ ಕಾವೇರಿಗೆ ಇಳಿದೆ. ದಂಡಿನಲ್ಲಿದ್ದು ಬಂದಿದ್ದ ನೆರೆಮನೆಯ ಜವರಯ್ಯ ಜೊತೆಗಿದ್ದ.

ಮೊಳದಾಳ ತೋಡುವಷ್ಟರಲ್ಲಿ ನೀರು ಒಸರಿತು. ಬೊಗಸೆಯಲ್ಲಿ ಎತ್ತಿ ಬಾಯಿಗಿಟ್ಟರೆ ಬರೀ ಉಪ್ಪು. ಆಗ ಗುಂಡಿಯ ತಳದಲ್ಲಿ ಒಂದು ಚೂಪು ಮೂತಿ ಕಂಡಿತು. ಮೈಯೆಲ್ಲ ಮರಳಿನೊಳಗೆ ನೆಟ್ಟಗೆ ಹೂತಿತ್ತು. ಮೂತಿಯೂ ಕಣ್ಣುಗಳೂ ಮಾತ್ರ ಹೊರಗಿದ್ದವು. ಬಾಯಿ ತೆರೆದು ಮುಚ್ಚುತ್ತಿತ್ತು.

ಜವರಯ್ಯ ಗುದ್ದಲಿ ಕೆಳಗಿಟ್ಟ.

“ಮುಟ್ಬ್ಯಾಡ ಕಣ್ಲಾ ಕಾಳ. ಇದು ಸಮುದ್ರದ ಹಾವುಮೀನು, ಮಂಗಳೂರಲ್ಲಿ ನೋಡಿದ್ದೆ. ಬಾಲ ಮುಂದು ಮಾಡ್ಕೊಂಡು ಮರಳೊಳಕ್ಕೆ ಇಳೀತದೆ. ಸೀನೀರಲ್ಲಿ ಬದುಕಾಕಿಲ್ಲ.”

ದೂರ ಹೋಗಿ ಬೇರೆ ಕಡೆ ತೋಡಿದೆವು. ಅಲ್ಲೂ ಉಪ್ಪುನೀರು, ಅಲ್ಲೂ ಅಂಥದೇ ಮೂತಿ. ತಿರುಗಿ ನೋಡಿದರೆ ಒದ್ದೆ ಮರಳಿನ ತುಂಬ ಮೂತಿಗಳು ಎದ್ದಿದ್ದವು. ಎಲ್ಲವೂ ನಮ್ಮ ಕೇರಿಯ ಕಡೆಗೇ ಮುಖ ಮಾಡಿದ್ದವು.

“ಅವ್ವನ್ನ ನೋಡೋಗ್ಲಾ,” ಎಂದ ಜವರಯ್ಯ.

ಖಾಲಿ ಕೊಡ ಹಿಡಿದು ಓಡಿದೆ. ಅವ್ವ ಎದ್ದು ಕುಳಿತಿದ್ದಳು. ಹಣೆ ತಣ್ಣಗಿತ್ತು, ತುಟಿ ಒದ್ದೆಯಾಗಿತ್ತು.

“ಯಾರವ್ವಾ ನೀರು ಕೊಟ್ಟೋರು?”

“ಸಿದ್ದ ಬಂದಿದ್ದ ಕಣಪ್ಪ. ನೀರು ಕುಡ್ಸಿ ಒಂಟೋದ. ಯಾಕೋ ಉಪ್ಪುಪ್ಪಾಗಿತ್ತು.”

ಸಿದ್ದ ನನ್ನ ಅಣ್ಣ. ಕುಲುಮೆಯ ಕೆಲಸಕ್ಕೆಂದು ದಂಡಿನ ಜೊತೆ ಮಂಗಳೂರಿಗೆ ಹೋದವನು ಮರಳಿರಲಿಲ್ಲ. ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ಅಣ್ಣ ಏನಾದನೆಂದು ಇವತ್ತಿನವರೆಗೂ ಯಾರೂ ಹೇಳಿಲ್ಲ.