ಮೊದಲ ನೋಟದ ಬಣ್ಣ

"ಬಾಯಿ ತೆಗೀರಿ."

ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಏನೋ ಹೇಳಲು ಹೊರಟ. ಅವಳು ಬಿಡಲಿಲ್ಲ. ತೋಳು ಹಿಡಿದು ಕಿಟಕಿಯ ಬೆಳಕಿಗೆ ಎಳೆದು ತಂದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮುಖ ಮೇಲೆತ್ತಿದಳು.

"ನಾನು..."

"ಆಮೇಲೆ ಮಾತಾಡೋಣ. ಬೇಗ ನೋಡ್ಬೇಕು. ಬಾಯಿ ತೆರೆದೇ ಇದ್ರೆ ಹಲ್ಲು ಒಣಗಿ ಬೆಳ್ಳಗಾಗತ್ತೆ. ಆಮೇಲೆ ಕಾಣೋದು ನಿಜವಾದ ಬಣ್ಣ ಅಲ್ಲ."

ಅವನು ತೆಪ್ಪಗೆ ಬಾಯಿ ತೆರೆದ.

ಅವಳ ಕೈಯಲ್ಲಿ ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳನ್ನು ಸಾಲಾಗಿ ಜೋಡಿಸಿದ್ದ ಒಂದು ಪಟ್ಟಿಯಿತ್ತು. ಅದರಿಂದ ಒಂದನ್ನು ಎತ್ತಿ ಅವನ ಹಲ್ಲಿನ ಪಕ್ಕ ಹಿಡಿದಳು. ಒಂದೇ ನೋಟ.

"ಎ ತ್ರೀ. ಅಂಚಲ್ಲಿ ಒಂಚೂರು ಬೂದು. ಕಾಫಿ ಜಾಸ್ತಿ ಕುಡೀತೀರ." ಆಮೇಲೆ ಹುಬ್ಬು ಗಂಟಿಕ್ಕಿದಳು. "ಈ ಮುಂದಿನ ಹಲ್ಲು ಮಾತ್ರ ನಿಮ್ಮದಲ್ಲ. ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ? ಶರ್ಟಿನ ಗುಂಡಿ ಥರ ಇದೆ."

ತೆರೆದ ಬಾಯಿಯಿಂದ ಮಾತು ಬರುವಂತಿರಲಿಲ್ಲ. ಆದರೆ ಅವನ ಕಣ್ಣು ನಗುತ್ತಿತ್ತು. ಆ ನಗುವನ್ನು ಅವಳು ನೋಡಿದಳು. ನೋಡಿದ ಮೇಲೂ ಬೆರಳು ಗಲ್ಲದ ಮೇಲೆಯೇ ಉಳಿಯಿತು...

"ಅಮ್ಮಾ ತಾಯಿ, ಬಿಡಮ್ಮ ಅವರನ್ನ," ಹಿಂದಿನಿಂದ ಲ್ಯಾಬಿನ ಯಜಮಾನರ ದನಿ. "ಹಲ್ಲು ಕಟ್ಟಿಸ್ಕೊಳ್ಳೋಕೆ ಬಂದವರಲ್ಲ ಅವರು. ಹೊಸ ಮೆಷಿನ್ ಕಲಿಸೋಕೆ ಕಂಪನಿಯವರು ಕಳಿಸಿರೋ ಮೇಷ್ಟ್ರು."

ಅವಳು ಕೈ ಕಿತ್ತುಕೊಂಡಳು. ಕಿವಿಯವರೆಗೂ ರಕ್ತ ಏರಿತು.

ಮೇಷ್ಟ್ರು ದವಡೆ ನೀವಿಕೊಳ್ಳುತ್ತ ಹೇಳಿದ. "ಪರವಾಗಿಲ್ಲ. ದಿನಕ್ಕೆ ಎಂಟು ಲೋಟ ಕಾಫಿ. ನೀವು ಹೇಳಿದ್ದು ಸರಿ."

ಮೇಣದಲ್ಲಿ ಹಲ್ಲಿನ ಅಚ್ಚು ತೆಗೆಯುವ ಹಿರಿಯ ಹೆಂಗಸು, ಎಲ್ಲರ ಬಾಯಲ್ಲಿ ಮೇಣದಕ್ಕ, ತನ್ನ ಮೇಜಿನಿಂದ ತಲೆ ಎತ್ತಲಿಲ್ಲ. ಅಲ್ಲಿಂದಲೇ ಗೊಣಗಿದಳು. "ಇಷ್ಟು ವರ್ಷದಲ್ಲಿ ಒಬ್ಬ ಗಂಡಸನ್ನ ಮುಖ ಎತ್ತಿ ನೋಡಿದ್ಲಪ್ಪ. ಅದೂ ಹಲ್ಲು ನೋಡೋಕೆ."

ಅದು ಕೃತಕ ಹಲ್ಲು ತಯಾರಿಸುವ ಲ್ಯಾಬ್. ಊರಿನ ದಂತವೈದ್ಯರು ಕಳಿಸಿದ ಅಚ್ಚುಗಳಿಗೆ ಇಲ್ಲಿ ಹಲ್ಲು ಹುಟ್ಟುತ್ತಿದ್ದವು. ಪಿಂಗಾಣಿಯ ಪುಡಿಯನ್ನು ನೀರಿನಲ್ಲಿ ಕಲಸಿ, ಕೂದಲೆಳೆಯಂಥ ಕುಂಚದಿಂದ ಪದರ ಪದರವಾಗಿ ಹಚ್ಚಿ, ಅಂಗೈಯಗಲದ ಕುಲುಮೆಯಲ್ಲಿ ಸುಡುವುದು ಅವಳ ಕೆಲಸ. ಓದು ಮುಗಿಸಿ ಬಂದಾಗಿನಿಂದ ಅದೇ ಕಿಟಕಿ, ಅದೇ ಸ್ಟೂಲು. ಅವಳು ಮಾಡಿದ ಹಲ್ಲನ್ನು ಹಾಕಿಕೊಂಡವರು ಯಾವುದು ತಮ್ಮದು, ಯಾವುದು ಅವಳದು ಎಂದು ಮರೆತುಬಿಡುತ್ತಿದ್ದರು. ಅದೇ ಅವಳ ಹೆಮ್ಮೆ.

ಅವತ್ತು ಮಧ್ಯಾಹ್ನ ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು, ನೇರವಾಗಿ ಹೇಳಿದರು.

"ಡಾಕ್ಟರುಗಳು ಈಗ ಅಚ್ಚು ಕಳಿಸಲ್ಲ, ಬಾಯೊಳಗೆ ಸ್ಕ್ಯಾನ್ ಮಾಡಿ ಚಿತ್ರ ಕಳಿಸ್ತಾರೆ. ಕಂಪ್ಯೂಟರಲ್ಲಿ ರೂಪ ಕೊಟ್ರೆ ಮೆಷಿನ್ನೇ ಕೆತ್ತತ್ತೆ. ವರ್ಷದ ಕೊನೆಗೆ ಕೈಕೆಲಸದ ಮೇಜುಗಳು ಇರಲ್ಲ. ಕಲಿತವರು ಉಳೀತಾರೆ. ನಾನು ಯಾರನ್ನೂ ಹೆದರಿಸ್ತಿಲ್ಲ. ನಂಗೇ ಹೆದರಿಕೆ ಆಗಿದೆ, ಅದಕ್ಕೇ ಹೇಳ್ತಿದೀನಿ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಇವು ನಂಬಿಕೆಯವು ಅಂದುಕೊಂಡಿದ್ದೆನಲ್ಲ... ಇವಕ್ಕೂ ಹಳತಾಗುವ ದಿನ ಬರುತ್ತದೆಯೇ?

ಮೊದಲ ವಾರ ಅವಳು ಮೆಷಿನ್ನಿನ ಮೇಲೆ ಹಲ್ಲು ಕಡಿದಳು. ಪರದೆಯ ಮೇಲಿನ ಹಲ್ಲು ಎಳೆದ ಕಡೆ ಬರುತ್ತಿರಲಿಲ್ಲ, ಉಬ್ಬಬೇಕಾದಲ್ಲಿ ತಗ್ಗುತ್ತಿತ್ತು.

"ಈ ಮೌಸ್ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಮೇಷ್ಟ್ರು ತಣ್ಣಗೆ ಅಂದ.

"ಏನಂದ್ರಿ?"

"ಗಾದೆ ಹೇಳಿದೆ."

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಅವನು ತಡೆಯಲಿಲ್ಲ. ಪಕ್ಕದ ಮೇಜಿನಿಂದ ಅವಳ ಹಳೆಯ ಕುಂಚವನ್ನು ತಂದು ಕೀಬೋರ್ಡಿನ ಪಕ್ಕ ಇಟ್ಟ. "ಕುಂಚ ಹಿಡಿದಾಗ ಹಲ್ಲಿನ ಯಾವ ಜಾಗದಿಂದ ಶುರು ಮಾಡ್ತೀರೋ, ಇಲ್ಲೂ ಅಲ್ಲಿಂದಲೇ ಶುರು ಮಾಡಿ. ಮೆನುವಿನ ಸಾಲು ಮರೆತುಬಿಡಿ. ಅದನ್ನ ನಾನು ನೋಡ್ಕೋತೀನಿ."

ಅವಳು ಕೂತಳು. ಒಸಡಿನ ಅಂಚಿನಿಂದ ಶುರು ಮಾಡಿದಳು, ಯಾವಾಗಲೂ ಮಾಡುವಂತೆ. ಪರದೆಯ ಮೇಲೆ ಹಲ್ಲು ನಿಧಾನವಾಗಿ ತಿರುಗಿತು. ಕೈಯಲ್ಲಿ ಎಂದೂ ನೋಡಲಾಗದಿದ್ದ ಒಳಬದಿ ತಿರುಗಿ ಬಂತು. ಅಷ್ಟು ವರ್ಷ ಬೆರಳಿನ ತುದಿಗೆ ಮಾತ್ರ ಗೊತ್ತಿದ್ದ ಒಂದು ತಗ್ಗು ಈಗ ಕಣ್ಣಿಗೇ ಕಂಡಿತು.

ಅವಳು ಪರದೆಯತ್ತ ಬಾಗಿದಳು. ಇದು ನನ್ನ ಶತ್ರುವಲ್ಲ... ನನಗೆ ಇನ್ನೊಂದು ಜೊತೆ ಕಣ್ಣು ಬಂದಿದೆ!

ಅವಳು ತಿರುಗಿ ಅವನನ್ನು ನೋಡಿದಳು. ಅವನು ಪರದೆಯನ್ನು ನೋಡುತ್ತಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಹೋದವೋ. ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು. ಅವನೂ ಮೊದಲೇ ಬರುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಕಾಫಿ ಲೋಟ ಇಡುತ್ತಿದ್ದ, ಅವಳು ಅದನ್ನು ಒಂದು ಬೆರಳಿನಿಂದ ಕೀಬೋರ್ಡಿನಿಂದ ದೂರ ಸರಿಸುತ್ತಿದ್ದಳು. ಆ ಮೌನದಲ್ಲಿ ಮೆಷಿನ್ನು ಗುಂಯ್‌ಗುಡುತ್ತ ಅವಳು ರೂಪಿಸಿದ ಹಲ್ಲನ್ನು ಕೆತ್ತುತ್ತಿತ್ತು. ಮಾತಿಗಿಂತ ಅದೇ ಹಿತವಾಗಿತ್ತು.

ತರಬೇತಿ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಕಂಪನಿ ಒಂದು ದೊಡ್ಡ ವಿನ್ಯಾಸ ಕೇಂದ್ರ ತೆರೆಯುತ್ತಿತ್ತು. ಅದಕ್ಕೊಬ್ಬ ಮುಖ್ಯಸ್ಥರು ಬೇಕು. ಎಲ್ಲ ಲ್ಯಾಬುಗಳಿಂದ ಅರ್ಜಿ ಹಾಕಬಹುದು. ಪರೀಕ್ಷೆ ಒಂದೇ: ಒಬ್ಬ ಮನುಷ್ಯನ ಬಾಯಿಗೆ ಒಂದು ಮುಂದಿನ ಹಲ್ಲು ಮಾಡಿ ತರಬೇಕು. ರೂಪ ಕಂಪ್ಯೂಟರಿನಲ್ಲಿ, ಬಣ್ಣ ಕೈಯಲ್ಲಿ.

"ಹಾಕು," ಮೇಣದಕ್ಕ ಅಂದಳು. "ನನಗೆ ಆ ವಯಸ್ಸಿಲ್ಲ. ನಿನಗಿದೆ, ಧೈರ್ಯ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ."

"ಹಲ್ಲು ಮಾಡೋಕೆ ಬಾಯಿ ಬೇಕಲ್ಲಕ್ಕ. ಯಾರ ಬಾಯಿ?"

"ನಂದಿದೆಯಲ್ಲ," ಮೇಷ್ಟ್ರು ಅಂದ. "ಶರ್ಟಿನ ಗುಂಡಿ."

ಅವನು ಕಿಟಕಿಯ ಪಕ್ಕ ಕೂತ. ಅದೇ ಬೆಳಕು. ಅವಳು ಗಲ್ಲ ಹಿಡಿದಳು, ಮಾದರಿ ಹಲ್ಲನ್ನು ಪಕ್ಕದಲ್ಲಿಟ್ಟಳು. ಈ ಸಲ ಆ ಕಣ್ಣುಗಳಲ್ಲಿ ನಗುವಿರಲಿಲ್ಲ. ಇನ್ನೇನೋ ಇತ್ತು. ಅವಳು ನೋಡಿದಳು. ನೋಡುತ್ತಲೇ ಇದ್ದಳು. ಕಾಫಿ ಆರಿತು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತು.

ಕೊನೆಗೆ ಬೆಚ್ಚಿದವಳಂತೆ ಎಚ್ಚೆತ್ತು, ಹಲ್ಲು ನೋಡಿ, ಪಟ್ಟಿಯ ಬಿಳಿಯ ತುದಿಯ ಮಾದರಿ ಹಿಡಿದು, "ಎ ಒನ್" ಎಂದು ಬರೆದುಕೊಂಡಳು.

ಹಲ್ಲು ಸಿದ್ಧವಾಯಿತು. ಪರೀಕ್ಷೆ ನಡೆಸುವ ಡಾಕ್ಟರಮ್ಮ ಅವನ ಹಳೆಯ ಹಲ್ಲು ತೆಗೆದು, ಹೊಸದನ್ನು ಸದ್ಯಕ್ಕೆ ಅಂಟಿಸಿದರು. ಅರ್ಜಿ ಹಾಕಿದ ಎಲ್ಲರ ಹಲ್ಲುಗಳ ತೀರ್ಪು ಮುಂದಿನ ವಾರ, ಅವರ ಕಚೇರಿಯಲ್ಲಿ.

ಮಾರನೇ ದಿನ ಮೇಷ್ಟ್ರ ಬೀಳ್ಕೊಡುಗೆ. ಯಾರದೋ ಜೋಕಿಗೆ ಅವನು ನಕ್ಕ. ಯಾವಾಗಲೂ ತುಟಿ ಬಿಗಿಹಿಡಿದು ನಗುತ್ತಿದ್ದವನು ಮೊದಲ ಬಾರಿಗೆ ಬಾಯ್ತುಂಬ ನಕ್ಕ.

ಅವಳು ಕೈಯ ಲೋಟವನ್ನು ಮೇಜಿನ ಮೇಲಿಟ್ಟು ಆ ಹಲ್ಲನ್ನೇ ನೋಡಿದಳು.

ರೂಪ ತಿದ್ದಿ ತೀಡಿದಂತಿತ್ತು. ಆದರೆ ಬಣ್ಣ... ಉಳಿದ ಹಲ್ಲುಗಳ ನಡುವೆ ಅದೊಂದು ದೀಪ ಹಚ್ಚಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅವನಿಗೂ ಗೊತ್ತಿರಲೇಬೇಕು. ಕನ್ನಡಿ ನೋಡದವರು ಯಾರು?

ಗುಂಪು ಕರಗಿದ ಮೇಲೆ ಅವಳು ಹತ್ತಿರ ಹೋದಳು. "ಹೇಗಿದೆ ಹಲ್ಲು?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಮುಚ್ಚಿಕೊಂಡ. "ಬಸ್ಸಿಗೆ ಹೊತ್ತಾಯ್ತು," ಅಂದು ಬ್ಯಾಗ್ ಎತ್ತಿಕೊಂಡ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಯಜಮಾನರು ಬೇಸರದಿಂದ ಬಂದರು. "ತರಬೇತಿ ಕೊಟ್ಟವರ ಮಾತಿಗೆ ಅಲ್ಲಿ ಬೆಲೆ ಇದೆಯಂತಮ್ಮ. ನಿನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ ಅಂದೆ. 'ಅವರ ವಿಷಯ ನನ್ನ ಕೇಳಬೇಡಿ' ಅಂತ ಕಡ್ಡಿ ಮುರಿದ ಹಾಗೆ ಅಂದುಬಿಟ್ರು."

ತಪ್ಪು ಕಂಡಿದ್ದಾನೆ. ನನ್ನಿಂದಾಗದು ಎಂದು ತೀರ್ಮಾನಿಸಿದ್ದಾನೆ. ಅಷ್ಟು ಬೆಳಗುಗಳು, ಅಷ್ಟು ಮೌನ... ಎಲ್ಲ ಬರೀ ತರಬೇತಿಯಾಗಿತ್ತೇ?

ಮನೆಗೆ ಬಂದವಳೇ ಅಮ್ಮನ ಎದುರು ಕೂತಳು. "ಅರ್ಜಿ ವಾಪಸ್ ತಗೋತೀನಮ್ಮ."

ಅಮ್ಮ ಬಟ್ಟೆ ಮಡಚುತ್ತಿದ್ದಳು. ಒಂದು ಕಾಲದಲ್ಲಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು.

"ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಾಗ ನಾನು ಬಾತ್‌ರೂಮಲ್ಲಿ ಕೂತು ಅತ್ತಿದ್ದೆ. ನಿನಗೆ ಗೊತ್ತಾ?"

"ನೀನಾ?"

"ಆಮೇಲೆ ಗೊತ್ತಾಯ್ತು, ಟೈಪ್‌ರೈಟರ್ ಹೋಯ್ತು, ಬೆರಳು ಹೋಗ್ಲಿಲ್ಲ ಅಂತ. ತಪ್ಪು ಟೈಪ್ ಮಾಡಿದ್ರೆ ಮೊದಲು ಇಡೀ ಹಾಳೆ ಹೊಸದಾಗಿ ಹೊಡೀಬೇಕಿತ್ತು. ಕಂಪ್ಯೂಟರಲ್ಲಿ ತಪ್ಪಾದ ಅಕ್ಷರ ಒಂದನ್ನೇ ತಿದ್ದಿದ್ರೆ ಸಾಕು. ಆ ಖುಷಿಗೇ ನಾನು ಕಲಿತದ್ದು." ಅಮ್ಮ ಒಂದು ಸೀರೆಯ ತುದಿಯನ್ನು ಅವಳ ಕೈಗೆ ಕೊಟ್ಟಳು. "ಹಿಡ್ಕೋ. ಏನು ತಪ್ಪಾಯ್ತು ನಿಂದು?"

"ಬಣ್ಣ. ಅವರು ಕಿಟಕಿ ಹತ್ರ ಬಾಯಿ ತೆರ್ಕೊಂಡು ಕೂತಿದ್ರು. ನಾನು..."

ಸೀರೆ ಅವಳ ಕೈಯಿಂದ ಜಾರಿತು.

ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ. ಲ್ಯಾಬಿಗೆ ಬರುವ ಪ್ರತಿ ಹೊಸಬರಿಗೂ ಅವಳೇ ಹೇಳಿಕೊಡುವ ಮೊದಲ ಪಾಠ. ಮೊದಲ ದಿನ ಅವನ ಗಲ್ಲ ಹಿಡಿದು ಅವನಿಗೇ ಹೇಳಿದ ಪಾಠ!

"ಅಮ್ಮ, ಅಕ್ಷರ ಒಂದನ್ನೇ ತಿದ್ದಿದ್ರೆ ಸಾಕು," ಅಂದವಳೇ ಅಮ್ಮನ ಕೆನ್ನೆಗೆ ಮುತ್ತಿಟ್ಟಳು.

"ಸೀರೆ ಎತ್ತಿಕೊಡೇ ಮೊದಲು," ಅಂದಳು ಅಮ್ಮ.

ಬೆಳಿಗ್ಗೆ ಲ್ಯಾಬಿನ ಬೀಗ ಅವಳೇ ತೆಗೆದಳು. ರೂಪ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಮೆಷಿನ್ನು ಅದನ್ನೇ ಮತ್ತೆ ಕೆತ್ತಿಕೊಟ್ಟಿತು. ಅವಳು ಕುಂಚ ಎತ್ತಿಕೊಂಡಳು. ಎದುರಿಗೆ ಅವನಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಎ ತ್ರೀ. ಅಂಚಲ್ಲಿ ಒಂಚೂರು ಬೂದು.

ತೀರ್ಪಿನ ದಿನ ಅವಳ ಸರದಿ ಬಂದಾಗ ಅವನು ಆಗಲೇ ಪರೀಕ್ಷೆಯ ಕುರ್ಚಿಯಲ್ಲಿ ಒರಗಿದ್ದ. ಡಾಕ್ಟರಮ್ಮನ ಪಕ್ಕದಲ್ಲಿ ಇನ್ನಿಬ್ಬರು ಕೂತಿದ್ದರು. ಒಂದು ಕುರ್ಚಿ ಖಾಲಿ ಇತ್ತು.

"ರೂಪ ಚೆನ್ನಾಗಿದೆ," ಡಾಕ್ಟರಮ್ಮ ಅಂದರು. "ಆದ್ರೆ ಬಣ್ಣ ನೋಡಿ. ಏನು ಹೇಳ್ತೀರ?"

"ತಪ್ಪಾಗಿದೆ ಮೇಡಂ. ಬೇರೆ ತಂದಿದೀನಿ." ಅವಳು ಪುಟ್ಟ ಡಬ್ಬಿ ಮುಂದಿಟ್ಟಳು. "ಹಾಕಿ ನೋಡ್ತೀರಾ?"

ಡಾಕ್ಟರಮ್ಮ ಬಿಳಿ ಹಲ್ಲು ತೆಗೆದರು. ಹೊಸದನ್ನು ಕೂರಿಸಿದರು. ಬೆಳಕು ಎಳೆದುಕೊಂಡು ನೋಡಿದರು, ಕನ್ನಡಕ ಏರಿಸಿ ನೋಡಿದರು. ಪಕ್ಕದವರನ್ನೂ ಕರೆದರು. ಹಲ್ಲು ಸಾಲಿನಲ್ಲಿ ಕಳೆದುಹೋಗಿತ್ತು.

"ಒಂದು ಬೆಳಿಗ್ಗೆ ಸಾಕಾಯ್ತು," ಅವಳೇ ಹೇಳಿದಳು. "ಮೊದಲಾಗಿದ್ರೆ ಬುಡದಿಂದ ಮಾಡ್ಬೇಕಿತ್ತು. ರೂಪ ಮೆಷಿನ್ನಲ್ಲಿತ್ತು, ಬಣ್ಣ ನನ್ನ ಹತ್ರ ಇತ್ತು."

"ಇಷ್ಟು ಗೊತ್ತಿರೋವ್ರು ಮೊದಲ ಸಲ ಹೇಗೆ ತಪ್ಪಿದ್ರಿ?"

ಬೆಳಕು ಸರಿಯಿರಲಿಲ್ಲ ಅನ್ನಬಹುದಿತ್ತು. ಪುಡಿ ಹಳತಾಗಿತ್ತು ಅನ್ನಬಹುದಿತ್ತು. ಕೆಲಸ ಕೈಗೆ ಬರುವ ಹೊತ್ತಿನಲ್ಲಿ ಸುಳ್ಳು ಎಷ್ಟು ಸುಲಭ...

"ಹಲ್ಲು ನೋಡೋದು ಬಿಟ್ಟು ಇವರನ್ನ ನೋಡ್ತಾ ಕೂತೆ ಮೇಡಂ. ಹಲ್ಲು ಒಣಗಿಹೋಯ್ತು."

ಕುರ್ಚಿಯಲ್ಲಿ ಅವನು ಬಾಯಿ ತೆರೆದುಕೊಂಡೇ ಇದ್ದ. ಮಾತು ಬರುವಂತಿರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು.

"ಎರಡನೇ ಸಲ ಇವರು ನಿಮಗೆ ಸಿಕ್ಕೇ ಇರಲಿಲ್ಲವಲ್ಲ. ಬಣ್ಣ ಎಲ್ಲಿಂದ ತಂದ್ರಿ?"

"ಮೊದಲ ದಿನದ್ದು. ಯಾರು ಏನು ಅಂತ ಗೊತ್ತಾಗೋ ಮುಂಚೆ ಒಂದೇ ಸಲ ನೋಡಿದ್ದೆ. ಅದು ಸರಿಯಾಗಿತ್ತು."

ಡಾಕ್ಟರಮ್ಮ ಕೈಗವಸು ಕಳಚಿದರು. "ಈ ಮಹಾರಾಯ ಅಂಕ ಕೊಡೋ ಕುರ್ಚಿ ಬಿಟ್ಟು ಬಾಯಿ ಕೊಡೋ ಕುರ್ಚಿಲಿ ಕೂತಾಗ್ಲೇ ನಂಗೆ ಅನುಮಾನ ಬಂದಿತ್ತು." ಪಕ್ಕದ ಇಬ್ಬರ ಮುಖ ನೋಡಿದರು; ಇಬ್ಬರೂ ತಲೆಯಾಡಿಸಿದರು. "ಬರೋ ತಿಂಗಳಿಂದ ಕೇಂದ್ರ ನಿಮ್ಮದು. ಬಣ್ಣ ನೋಡುವಾಗ ಮಾತ್ರ ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಿ."

ಹೊರಗಿನ ಉದ್ದನೆಯ ಪಡಸಾಲೆಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. ಆದರೂ ಹಿಂದೆ ಹೆಜ್ಜೆಸದ್ದು ಕೇಳಿದಾಗ ತಿರುಗಿ ಬಿಗಿಯಾಗಿಯೇ ಕೇಳಿದಳು.

"ಒಂದು ಮಾತು ಹೇಳ್ಬಹುದಿತ್ತಲ್ಲ ಮೇಷ್ಟ್ರೇ?"

"ಹೇಳಿದ್ರೆ ಕೆಲಸ ನನ್ನ ಬಾಯಿಂದ ಬಂತು ಅಂತಿದ್ರು. ಅದು ನಿಮ್ಮ ಕೈಯಿಂದ ಬರಬೇಕಿತ್ತು. ಅದಕ್ಕೇ ಆ ಕುರ್ಚಿ ಬಿಟ್ಟೆ."

"ಅದು ಅವರಿಗೆ. ನಂಗಾದ್ರೂ ಹೇಳ್ಬಹುದಿತ್ತು, ಬೆಳ್ಳಗಾಗಿದೆ ಅಂತ."

"ಅವತ್ತು ಹೇಳೋಕೇ ಬಾಯಿ ತೆರೆದೆ." ಅವನು ಗೋಡೆಗೆ ಒರಗಿದ. "ನಿಮ್ಮ ಮುಖ ನೋಡಿದ ತಕ್ಷಣ ಬೇರೇನೇ ಮಾತು ಬಾಯಿಗೆ ಬಂತು. ಪರೀಕ್ಷೆ ಮುಗಿಯೋ ಮುಂಚೆ ಅದನ್ನ ಹೇಳೋ ಹಾಗಿರ್ಲಿಲ್ಲ. ಓಡಿಹೋದೆ. ತಪ್ಪಾಯ್ತು."

"ಯಾವ ಮಾತು?"

ಮೌನ. ಅವಳಿಗೆ ಪರಿಚಯವಿದ್ದ ಮೌನವೇ. ಆದರೆ ಈ ಸಲ ಅವಳು ಅದನ್ನು ಹಾಗೇ ಬಿಡಲಿಲ್ಲ. ಎರಡು ಬೆರಳಿಂದ ಅವನ ಗಲ್ಲ ಎತ್ತಿದಳು.

"ಬಾಯಿ ತೆಗೀರಿ."

"ನೀವಂದ್ರೆ ನಂಗೆ ಪ್ರಾಣ," ಅವನು ಅಂದ. "ಆ ಕಿಟಕಿ ಹತ್ರ ಎಳ್ಕೊಂಡು ಹೋದ್ರಲ್ಲ, ಅವತ್ತಿನಿಂದ."

ಅವಳ ಕಣ್ಣಂಚು ಒದ್ದೆಯಾಯಿತು. "ನಂಗೂ ಅವತ್ತೇ," ಅಂದಳು. ಆಮೇಲೆ ಮೂಗು ಒರೆಸಿಕೊಂಡು, "ಆ ಬಿಳಿ ಹಲ್ಲು ಎಲ್ಲಿ? ಕೊಡಿ ಇಲ್ಲಿ, ಬಿಸಾಕ್ತೀನಿ. ಮಾನ ಹೋಗತ್ತೆ."

ಅವನು ಅಂಗಿಯ ಜೇಬಿನ ಮೇಲೆ ಕೈ ಮುಚ್ಚಿಕೊಂಡ. "ಕೊಡಲ್ಲ. ನೀವು ನನ್ನನ್ನ ಎಷ್ಟು ಹೊತ್ತು ನೋಡಿದ್ರಿ ಅನ್ನೋದಕ್ಕೆ ನನ್ನ ಹತ್ರ ಇರೋದು ಇದೊಂದೇ ಸಾಕ್ಷಿ."

ಅಷ್ಟು ಹೇಳಿ ಅವನು ನಕ್ಕ. ತುಟಿ ಬಿಗಿಹಿಡಿಯದೆ, ಬಾಯ್ತುಂಬ. ಅವಳು ಮಾಡಿದ ಹಲ್ಲು ಅವನ ನಗುವಿನಲ್ಲಿ ಎಲ್ಲೋ ಇತ್ತು. ಎಲ್ಲಿ ಎಂದು ಅವಳಿಗೂ ತಿಳಿಯಲಿಲ್ಲ.

ಅವನು ನಗುತ್ತಲೇ ಇದ್ದ.

"ಸಾಕು, ಬಾಯಿ ಮುಚ್ಚಿ," ಅವಳು ಮೆಲ್ಲಗೆ ಅಂದಳು. "ಒಣಗತ್ತೆ."